ಮೂರೂವರೆ ಸಾವಿರದ ಮುಂಬೈ

ಮೂರನೇ ಸೆಮಿಸ್ಟರಿನ ಕೊನೆಯ ಪೇಪರ್ ಮುಗಿದ ದಿನ ಮೆಸ್ಸಿನಲ್ಲಿ ಅನ್ನಕ್ಕೆ ಸಾರು ಕಲಸಿಕೊಳ್ತಾ ಕೂತಿದ್ದಾಗ ಈ ಪ್ಲಾನ್ ಹುಟ್ಟಿತು. ಗೋವಾ ಅಂದ್ರೆ ಮನೇಲಿ ಬಿಡಲ್ಲ. ಕೊಡಗು, ಚಿಕ್ಕಮಗಳೂರು ಅಂದ್ರೆ ಬೈಕ್ ಬೇಕು. ಕೊನೆಗೆ ಉಳಿದಿದ್ದು ಮುಂಬೈ. ರೈಲಿದೆ, ನೇರ ಹೋಗುತ್ತೆ, ಸ್ಲೀಪರ್ ಕ್ಲಾಸಿನಲ್ಲಿ ಹೋಗಿ ಬರೋಕೆ ಒಬ್ಬರಿಗೆ ಹೆಚ್ಚುಕಡಿಮೆ 1,100 ರೂಪಾಯಿ. ಬೆನ್ನಿಗೆ ಕಾಲೇಜ್ ಬ್ಯಾಗು, ಕಾಲಿಗೆ ಇದ್ದಿದ್ದರಲ್ಲೇ ಒಳ್ಳೆ ಶೂ. ಯೂಟ್ಯೂಬಿನಲ್ಲಿ ಬ್ಯಾಕ್‌ಪ್ಯಾಕರ್‌ಗಳು ಮಾಡೋದೆಲ್ಲ ನಾವೂ ಮಾಡಬಹುದು ಅನ್ನಿಸಿತು.

ನಾವು ನಾಲ್ಕು ಜನ. ಹಾಸ್ಟೆಲಿನಲ್ಲಿ ಹೆಸರಿಗಿಂತ ಊರು, ಬ್ರಾಂಚು ಹೆಚ್ಚು ನಡೆಯುತ್ತವೆ, ಹಾಗಾಗಿ ಇಲ್ಲೂ ಹಾಗೇ ಕರೀತೀವಿ. ಒಬ್ಬ ಸಿವಿಲ್. ಒಬ್ಬ ಕಂಪ್ಯೂಟರ್ ಸೈನ್ಸ್, ಖರ್ಚಿನ ಆ್ಯಪ್ ಅವನ ಫೋನಿನಲ್ಲಿದ್ದಿದ್ದರಿಂದ ಅವನಿಗೆ ಕ್ಯಾಷಿಯರ್ ಅಂತ ಹೆಸರಾಯ್ತು. ಇನ್ನೊಬ್ಬ ಕುಂದಾಪುರ. ಮತ್ತೆ ಇದನ್ನು ಬರೀತಿರೋರು.

ಹೊರಡುವ ಮೊದಲೇ ರೂಲ್ಸ್ ಮಾಡಿಕೊಂಡೆವು. ಒಂದು, ತಲೆಗೆ 3,500 ರೂಪಾಯಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಎರಡು, ಕ್ಯಾಬ್ ಇಲ್ಲ, ಆಟೋ ಇಲ್ಲ. (ದಕ್ಷಿಣ ಮುಂಬೈಗೆ ಆಟೋಗಳನ್ನು ಬಿಡೋದೇ ಇಲ್ಲ ಅಂತ ಹೋದ ಮೇಲೆ ಗೊತ್ತಾಯ್ತು.) ಮೂರು, ಏನೇ ಖರ್ಚಾದರೂ ಆ್ಯಪ್‌ಗೆ ಹಾಕಬೇಕು, ರಾತ್ರಿ 10ಕ್ಕೆ ಆವತ್ತಿನ ಲೆಕ್ಕ ಚುಕ್ತಾ. ಈ ರೂಲ್ಸ್ ಬಗ್ಗೆ ನಮಗೆ ತುಂಬಾ ಹೆಮ್ಮೆಯಿತ್ತು. ವಾಟ್ಸ್ಯಾಪ್ ಗ್ರೂಪಿಗೆ 'ಫಕೀರರು' ಅಂತ ಹೆಸರಿಟ್ಟೆವು.

ಉದ್ಯಾನ್ ಎಕ್ಸ್‌ಪ್ರೆಸ್ ಬುಧವಾರ ರಾತ್ರಿ ಬೆಂಗಳೂರು ಬಿಟ್ಟಿತು. ಬೆಳಗಾಗುವಷ್ಟರಲ್ಲಿ ರಾಯಚೂರಿನ ಕಡೆಯ ಬಯಲು, ಆಮೇಲೆ ಕಲಬುರಗಿ, ಸೊಲ್ಲಾಪುರ, ಮಧ್ಯಾಹ್ನ ದಾಟಿದ ಮೇಲೆ ಪುಣೆ. ಮನೆಯಿಂದ ಕಟ್ಟಿಸಿಕೊಂಡು ಬಂದ ಚಪಾತಿ, ಪುಳಿಯೋಗರೆ ಗುರುವಾರ ಮಧ್ಯಾಹ್ನಕ್ಕೆ ಖಾಲಿಯಾಯ್ತು. ಲೋನಾವಳ ಆದ ಮೇಲೆ ಭೋರ್ ಘಾಟ್ ಇಳಿಯುವಾಗ ಒಂದರ ಹಿಂದೆ ಒಂದು ಸುರಂಗ. ಪ್ರತಿ ಸುರಂಗಕ್ಕೂ ನಮ್ಮ ಬೋಗಿಯ ಮಕ್ಕಳೆಲ್ಲ ಕಿರುಚೋದು, ಅವರ ಜೊತೆ ನಾವೂ ಕಿರುಚೋದು. ರಾತ್ರಿ ಎಂಟು ದಾಟಿದ ಮೇಲೆ ಸಿಎಸ್‌ಎಂಟಿ, ಅಂದ್ರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್.

ಸ್ಟೇಷನ್ನಿನಿಂದ ಹೊರಗೆ ಬಂದು ತಿರುಗಿ ನೋಡಿದಾಗ ನಾಲ್ಕೂ ಜನ ಸುಮ್ಮನಾದೆವು. ದೀಪ ಹಾಕಿದ ಆ ಕಟ್ಟಡ ನೋಡಿದ್ರೆ ಇದರೊಳಗಿಂದ ನಾವು ಬ್ಯಾಗ್ ಹೊತ್ತುಕೊಂಡು ಬಂದೆವು ಅಂತ ನಂಬೋಕೇ ಆಗಲ್ಲ. ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ, 1878ರಲ್ಲಿ ಶುರುವಾಗಿ ಮುಗಿಯೋಕೆ ಹತ್ತು ವರ್ಷ ಹಿಡಿಯಿತಂತೆ. 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಇಲ್ಲೇ ಪಕ್ಕದ ಬೋರಿ ಬಂದರಿನಿಂದ ಠಾಣೆಗೆ, 34 ಕಿಲೋಮೀಟರ್ ಓಡಿತ್ತು. ಸಿವಿಲ್ ಇದನ್ನೆಲ್ಲ ಜೋರಾಗಿ ಹೇಳ್ತಿದ್ದ. ಕುಂದಾಪುರ ಮಾತ್ರ ಫೋನ್ ಹಿಡ್ಕೊಂಡು "ಅಪ್ಪಯ್ಯ, ವೀಟಿಯಲ್ಲಿ ಇಳಿದ್ವಿ" ಅಂತಿದ್ದ. ಅವರಪ್ಪನಿಗೆ ಅದು ಇವತ್ತಿಗೂ ವೀಟಿ.

ಅವರಪ್ಪ ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಮುಂಬೈಗೆ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದ್ದರಂತೆ. ಆಮೇಲೆ ಊರಿಗೆ ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣ ಕ್ಯಾಂಟೀನ್ ಹಾಕಿದ್ರು. ಇದು ನಮಗೆ ಗೊತ್ತಿತ್ತು. ಗೊತ್ತಿತ್ತು ಅಂದ್ರೆ, ಪಕ್ಕದ ರೂಮಿನವನ ಊರು ಯಾವುದು ಅಂತ ಗೊತ್ತಿರುತ್ತಲ್ಲ, ಅಷ್ಟು.

ಉಳಿದುಕೊಂಡಿದ್ದು ಬೈಕುಲ್ಲಾ ಹತ್ತಿರ ಒಂದು ಡಾರ್ಮಿಟರಿಯಲ್ಲಿ. ಹಾಸಿಗೆಗೆ ದಿನಕ್ಕೆ 400. ಫ್ಯಾನ್ ಇತ್ತು, ಲಾಕರ್ ಇತ್ತು, ಬೀಗ ನಾವೇ ತಂದುಕೊಳ್ಳಬೇಕಿತ್ತು. ಬೈಕುಲ್ಲಾದಿಂದ ಸಿಎಸ್‌ಎಂಟಿಗೆ ಲೋಕಲ್ ರೈಲಿನಲ್ಲಿ ಮೂರನೇ ಸ್ಟೇಷನ್ನಿಗೇ ಇಳಿಯೋದು, ಟಿಕೆಟ್ 5 ರೂಪಾಯಿ. ಮುಂಬೈ ನೋಡೋಕೆ ಹೋಗೋರಿಗೆ ನಮ್ಮ ಮೊದಲ ಸಲಹೆ ಇದೇ: ಊರ ಮಧ್ಯದಲ್ಲಿ ದುಬಾರಿ ರೂಮ್ ಹುಡುಕಬೇಡಿ, ಲೋಕಲ್ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಎಲ್ಲಾದರೂ ಸಾಕು. ಎರಡನೇ ಸಲಹೆ: ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣದ ಕಡೆಗೆ, ಸಂಜೆ ಐದರ ಮೇಲೆ ಉತ್ತರದ ಕಡೆಗೆ ಹೋಗುವ ಗಾಡಿಗೆ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಹತ್ತಬೇಡಿ. ಬ್ಯಾಗ್ ಎದೆ ಮೇಲಿರಲಿ. ಇಳಿಯೋ ಸ್ಟೇಷನ್ ಬರೋ ಮುಂಚೆಯೇ ಬಾಗಿಲ ಹತ್ತಿರ ಸರಿದಿರಿ. ಗಾಡಿ ನಿಲ್ಲೋದು ಅರ್ಧ ನಿಮಿಷ ಕೂಡ ಇಲ್ಲ, ಇಳಿಯದಿದ್ರೆ ಹತ್ತೋರು ನಿಮ್ಮನ್ನ ಮತ್ತೆ ಒಳಗೇ ತಳ್ಳಿಕೊಂಡು ಬರ್ತಾರೆ.

ಶುಕ್ರವಾರ ಪೂರ್ತಿ ನಡೆದೆವು. ದಕ್ಷಿಣ ಮುಂಬೈನಲ್ಲಿ ನೋಡಬೇಕಾದ್ದರಲ್ಲಿ ಅರ್ಧದಷ್ಟಕ್ಕೆ ಟಿಕೆಟ್ಟೇ ಇಲ್ಲ. ಸಿಎಸ್‌ಎಂಟಿಯಿಂದ ಡಿ. ಎನ್. ರೋಡಿನ ಕಮಾನುಗಳ ನೆರಳಲ್ಲೇ ಫ್ಲೋರಾ ಫೌಂಟನ್‌ವರೆಗೆ. ಅಲ್ಲಿಂದ ಹಾರ್ನಿಮನ್ ಸರ್ಕಲ್, ಎದುರಿಗೆ ಏಷಿಯಾಟಿಕ್ ಸೊಸೈಟಿ ಇರುವ ಹಳೇ ಟೌನ್ ಹಾಲ್. ಅದರ ಅಗಲವಾದ ಬಿಳಿ ಮೆಟ್ಟಿಲುಗಳ ಮೇಲೆ ಯಾರು ಬೇಕಾದ್ರೂ ಕೂರಬಹುದು. ಮುಂದೆ ಓವಲ್ ಮೈದಾನ. ಮೈದಾನದ ಒಂದು ಕಡೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರದ ಗೋಪುರ, ಎಲ್ಲ ಕಲ್ಲಿನ ಗಾಥಿಕ್ ಕಟ್ಟಡಗಳು. ಇನ್ನೊಂದು ಕಡೆ 1930ರ ದಶಕದ ಆಸುಪಾಸಿನ ಆರ್ಟ್ ಡೆಕೊ ಮನೆಗಳು, ದುಂಡು ಬಾಲ್ಕನಿ, ಹಡಗಿನ ಥರದ ಮೂಲೆಗಳು. ಮಧ್ಯದಲ್ಲಿ ಒಂದೇ ಮೈದಾನದಲ್ಲಿ ಎಷ್ಟೊಂದು ಕ್ರಿಕೆಟ್ ಮ್ಯಾಚು. ಈ ಎರಡೂ ಸಾಲುಗಳನ್ನು ಒಟ್ಟಿಗೆ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಯಾರದೋ ಮ್ಯಾಚಿನ ಬೌಂಡರಿ ಗೆರೆಯಲ್ಲಿ ಕೂತು ವಡಾಪಾವ್ ತಿಂದೆವು. ಒಂದಕ್ಕೆ 20 ರೂಪಾಯಿ.

ಮಧ್ಯಾಹ್ನ ಮೂರರ ಹೊತ್ತಿಗೆ ಕಾಲು ಸೋತಿತ್ತು. ಸೆಕೆ. ಅಂಗಿ ಬೆನ್ನಿಗೆ ಅಂಟಿತ್ತು. ಕಾಲಾ ಘೋಡಾ ಗಲ್ಲಿಗಳಲ್ಲಿ ತಿರುಗ್ತಾ ಇದ್ದಾಗ ಒಂದು ಕೆಫೆಯ ಗಾಜಿನ ಬಾಗಿಲು ತೆಗೆದುಕೊಂಡು ಯಾರೋ ಹೊರಗೆ ಬಂದ್ರು, ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ನಮ್ಮಲ್ಲೊಬ್ಬ ಅಂದ, "ಒಂದು ಸಲ ರೂಲ್ ಮುರಿಯೋಣ ಕಣ್ರೋ." ಯಾರು ಅಂದಿದ್ದು ಅಂತ ಈಗ ನಮಗೇ ಜಗಳ, ಆದ್ರೆ ಮೂರು ಜನರ ಮನಸ್ಸಲ್ಲೂ ಅದೇ ಇತ್ತು. ಕುಂದಾಪುರ "ನಾನು ಇಲ್ಲೇ ಹೊರಗೆ ಕೂತ್ಕೊಳ್ತೇನೆ, ನೀವು ಹೋಗಿ ಬನ್ನಿ" ಅಂದ. ಬಾರೋ ಸುಮ್ನೆ, ಎಸಿಯಲ್ಲಿ ಕೂತ್ಕೊಳ್ಳೋಕೆ ದುಡ್ಡಾ ಅಂತ ಕೈಹಿಡಿದು ಎಳೆದುಕೊಂಡು ಹೋದೆವು. ಕೋಲ್ಡ್ ಕಾಫಿ ಮೂರು, ಸ್ಯಾಂಡ್‌ವಿಚ್ಚು, ಮಧ್ಯದಲ್ಲಿ ಒಂದು ಪ್ಲೇಟ್ ಫ್ರೈಸ್. ಅವನು ಕಾಫಿ ಬೇಡ ಅಂತ ನೀರು ಕುಡಿದ. ಫ್ರೈಸ್ ತಗೋ ಅಂತ ಒತ್ತಾಯ ಮಾಡಿದ್ದಕ್ಕೆ ಒಂದೆರಡು ತಿಂದ. ಬಿಲ್ಲು ಬಂತು: 1,480. ಅಯ್ಯೋ ಅಂತ ನಕ್ಕೆವು. ಒಂದು ಸಲ ತಾನೇ! ಕ್ಯಾಷಿಯರ್ ಕೊಟ್ಟ, ಆ್ಯಪ್‌ಗೆ ಹಾಕಿದ.

ಸಂಜೆ ಮರೀನ್ ಡ್ರೈವ್. ಸಮುದ್ರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ್ಕೊಂಡು ಸೂರ್ಯ ಮುಳುಗೋದು ನೋಡೋಕೆ ಕಾಸು ಬೇಡ. ಕೆಳಗೆ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳು, ಟೆಟ್ರಾಪಾಡ್. ಒಂದಕ್ಕೊಂದು ಸಿಕ್ಕಿಸಿಕೊಂಡು ಬಿದ್ದಿರುತ್ತವೆ, ಮಧ್ಯೆ ಸಂದಿ ಇರೋದರಿಂದ ಅಲೆಯ ನೀರು ಒಳಗೆ ನುಗ್ಗಿ ಅಲ್ಲಲ್ಲೇ ಒಡೆದು ಬಲ ಕಳೆದುಕೊಳ್ಳುತ್ತೆ, ಗೋಡೆಗೆ ಪೆಟ್ಟು ಬೀಳೋದು ಕಡಿಮೆ. ಪುಸ್ತಕದಲ್ಲಿ ಎರಡು ಮಾರ್ಕಿನ ಪ್ರಶ್ನೆಯಾಗಿದ್ದ ಟೆಟ್ರಾಪಾಡನ್ನ ಸಿವಿಲ್ ಮೊದಲ ಸಲ ಕಣ್ಣಾರೆ ನೋಡಿ ಅರ್ಧ ಗಂಟೆ ಪಾಠ ಮಾಡಿದ. ರಾತ್ರಿ ಮತ್ತೆ ವಡಾಪಾವ್. ನಾವು ಎರಡೆರಡು ತಿಂದೆವು, ಕುಂದಾಪುರ ಒಂದು. 10 ಗಂಟೆಗೆ ಡಾರ್ಮಿಟರಿಯಲ್ಲಿ ಲೆಕ್ಕ ಚುಕ್ತಾ. ಎಲ್ಲರಿಗಿಂತ ಮೊದಲು ದುಡ್ಡು ಕಳಿಸಿದವನು ಕುಂದಾಪುರ. "ನೋಡಿ ಕಲೀರೋ" ಅಂದ ಕ್ಯಾಷಿಯರ್.

ಶನಿವಾರ ಎಲಿಫೆಂಟಾ. ಗೇಟ್‌ವೇ ಆಫ್ ಇಂಡಿಯಾ ಹತ್ತಿರ ದೋಣಿ ಹತ್ತಬೇಕು, ಸೋಮವಾರ ಬಿಟ್ಟು ಉಳಿದ ದಿನ ಗುಹೆಗಳು ತೆರೆದಿರುತ್ತವೆ. ಹೋಗಿ ಬರುವ ದೋಣಿ, ಗುಹೆಯ ಟಿಕೆಟ್ ಎಲ್ಲ ಸೇರಿ ತಲೆಗೆ 300 ಅಂತ ಬೆಂಗಳೂರಿನಲ್ಲೇ ತೆಗೆದಿಟ್ಟಿದ್ದೆವು. ಟಿಕೆಟ್ ಕೌಂಟರ್ ಹತ್ತಿರ ಹೋದಾಗ ಕುಂದಾಪುರ ನಿಂತುಬಿಟ್ಟ.

"ನೀವು ಹೋಗಿ ಬನ್ನಿ. ನಂಗೆ ದೋಣಿ ಆಗುದಿಲ್ಲ ಮಾರಾಯ, ವಾಂತಿ ಬರ್ತದೆ."

ನಾವು ನಕ್ಕೆವು. ಒಂದು ಗಂಟೆ ಪ್ರಯಾಣ ಕಣೋ, ಮಾತ್ರೆ ತಗೋ ಅಂದೆವು. ಅವನು ಕೇಳಲಿಲ್ಲ. "ಅಪ್ಪಯ್ಯ ಕೆಲಸ ಮಾಡಿದ್ದ ಹೋಟೆಲ್ ಹುಡುಕ್ಬೇಕು, ಮಧ್ಯಾಹ್ನ ಟೌನ್ ಹಾಲ್ ಮೆಟ್ಟಿಲ ಹತ್ರ ಸಿಗ್ತೇನೆ" ಅಂತ ಹೇಳಿ ತಿರುಗಿ ನಡೆದ. ನಾವು ದೋಣಿ ಹತ್ತಿದೆವು.

ದೋಣಿ ದಡ ಬಿಟ್ಟು ಹತ್ತು ನಿಮಿಷ ಆಗಿರಬೇಕು. ತಾಜ್ ಹೋಟೆಲು, ಗೇಟ್‌ವೇ ಎರಡೂ ಚಿಕ್ಕದಾಗ್ತಾ ಇದ್ದವು, ಸೀಗಲ್ ಹಕ್ಕಿಗಳು ದೋಣಿಯ ಹಿಂದೆ ಹಾರಿ ಬರ್ತಿದ್ದವು. ಸಿವಿಲ್ ಇದ್ದಕ್ಕಿದ್ದಂತೆ ಅಂದ, "ಅವನ ಸೋದರಮಾವಂದು ಮೀನಿನ ಬೋಟ್ ಇದೆ ಅಲ್ವೇನೋ? ಗಂಗೊಳ್ಳಿಯಲ್ಲಿ? ರಜೆಯಲ್ಲೆಲ್ಲ ಅದರ ಮೇಲೇ ಇರ್ತೀನಿ ಅಂತಿದ್ದ."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕ್ಯಾಷಿಯರ್ ಫೋನ್ ತೆಗೆದು ಆ್ಯಪ್ ನೋಡಿದ. ನಿನ್ನೆಯ ಕೆಫೆ ಬಿಲ್ಲು, 1,480, ನಾಲ್ಕು ಜನರಿಗೆ ಸಮ ಪಾಲು, ತಲೆಗೆ 370. ಆ್ಯಪ್ ಮೊದಲಿಂದ ಹಾಗೇ ಇತ್ತು: ಖರ್ಚು ಹಾಕಿದ್ರೆ ತಾನೇ ನಾಲ್ಕು ಭಾಗ ಮಾಡುತ್ತೆ. ಬೇರೆ ಥರ ಬೇಕಾದ್ರೆ ನಾವೇ ಬದಲಾಯಿಸಬೇಕು. ಬದಲಾಯಿಸಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ಒಂದು ಲೋಟ ನೀರಿಗೆ ಅವನು 370 ಕೊಟ್ಟಿದ್ದ, ಅದೂ ಎಲ್ಲರಿಗಿಂತ ಮೊದಲು.

ಆಮೇಲೆ ನಾವು ಮೂವರು ಅವನ ಲೆಕ್ಕ ಮಾಡಿದೆವು. ರೈಲಿಗೆ 1,100, ಡಾರ್ಮಿಟರಿಗೆ ಮೂರು ರಾತ್ರಿಗೆ 1,200. ಉಳಿದಿದ್ದು 1,200. ಗುರುವಾರ 90, ಶುಕ್ರವಾರ ಊಟ ತಿಂಡಿ ಓಡಾಟ 210, ಕೆಫೆ 370. ಶನಿವಾರ ಬೆಳಗ್ಗೆ ಅವನ ಹತ್ರ ಇದ್ದಿದ್ದು 530. ಎಲಿಫೆಂಟಾಕ್ಕೆ ಬಂದರೆ 230. ಅದರಲ್ಲಿ ಆವತ್ತಿನ ಊಟ, ಅವರಪ್ಪ ಮಾಡಲೇಬೇಕು ಅಂತ ಹೇಳಿ ಕಳಿಸಿದ್ದ ಮಾಟುಂಗದ ಬಾಳೆ ಎಲೆ ಊಟ, ಭಾನುವಾರ ಇಡೀ ದಿನ ರೈಲಿನಲ್ಲಿ ತಿನ್ನೋದು. ಆಗಲ್ಲ. ಅವನು ಊಟವೋ ದೋಣಿಯೋ ಅಂತ ಯೋಚಿಸಿ ಒಂದನ್ನು ಬಿಟ್ಟಿದ್ದ. ಕೆಫೆಯ 370 ಇಲ್ಲದಿದ್ರೆ ದೋಣಿಯಲ್ಲಿ ನಮ್ಮ ಪಕ್ಕ ಕೂತಿರ್ತಿದ್ದ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. 3,500 ಅನ್ನೋದು ನಮ್ಮ ಮೂರು ಜನಕ್ಕೆ ಆಟ. ನಮ್ಮ ಮೂವರ ಅಕೌಂಟಿನಲ್ಲೂ ಮನೆಯವರು 'ಇರಲಿ, ದೂರದ ಊರು' ಅಂತ ಬೇರೆ ದುಡ್ಡು ಹಾಕಿದ್ರು. ರೂಲ್ ಮುರಿದ್ರೆ ಹೋಗೋದು ಮಾನ ಒಂದೇ. ಅವನಿಗೆ 3,500 ಅಂದ್ರೆ 3,500. ನಾವು ಆಡಿದ ಆಟದ ಗೆರೆ ಅವನಿಗೆ ಗೋಡೆ. ಮೆಸ್ಸಿನಲ್ಲಿ ಕೂತು ಆ ಅಂಕಿ ಹೇಳಿದವರು ನಾವು. ಅವನು ಒಂದು ನಿಮಿಷ ಸುಮ್ಮನಿದ್ದು ಆಮೇಲೆ "ಆಯ್ತು" ಅಂದಿದ್ದು ಈಗ ನೆನಪಾಗುತ್ತೆ. ಇಲ್ಲೀತನಕ 'ನಾವು' ಅಂತ ಬರೆದಿದ್ದರಲ್ಲಿ ಅವನೂ ಇದ್ದ. ಲೆಕ್ಕದಲ್ಲಿ ಮಾತ್ರ ನಾವು ಅವನನ್ನು ಸರಿಯಾಗಿ ಸೇರಿಸಿಕೊಂಡಿರಲಿಲ್ಲ.

ಎಲಿಫೆಂಟಾ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ. ಊರಿನ ಹೆಸರು ಘಾರಾಪುರಿ. ದಡದಿಂದ ಮೆಟ್ಟಿಲು ಹತ್ತಿ ಹೋದ್ರೆ ಬಂಡೆಯನ್ನೇ ಕೊರೆದು ಮಾಡಿದ ದೊಡ್ಡ ಗುಹೆ, ಹಿಂದಿನ ಗೋಡೆಯಲ್ಲಿ ಮೂರು ಮುಖದ ಶಿವ, ಮೂರಾಳೆತ್ತರ. ಕತ್ತಲೆಗೆ ಕಣ್ಣು ಹೊಂದಿಕೊಳ್ತಾ ಹೋದಂತೆ ಮುಖಗಳು ಒಂದೊಂದಾಗಿ ಕಾಣಿಸ್ತವೆ. ಐಹೊಳೆಯ ಶಾಸನದಲ್ಲಿ, ಅಂದ್ರೆ ಕ್ರಿ.ಶ. 634ರಲ್ಲಿ, ಕವಿ ರವಿಕೀರ್ತಿ ತನ್ನ ದೊರೆ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಡುಗಡಲಿನ 'ಪುರಿ'ಯನ್ನು ಮುತ್ತಿದ ಅಂತ ಹೇಳಿದ್ದಾನೆ. ಆ ಪುರಿ ಈ ಘಾರಾಪುರಿಯೇ ಅಂತ ಕೆಲವು ಇತಿಹಾಸಕಾರರ ಅಭಿಪ್ರಾಯ. ಕನ್ನಡ ನಾಡಿನ ದೊರೆ ಹಡಗಿನಲ್ಲಿ ಬಂದಿದ್ದ ಜಾಗಕ್ಕೆ, ಕಡಲ ದಡದ ಹುಡುಗ ದೋಣಿ ಆಗಲ್ಲ ಅಂತ ಹಿಂದೆ ಉಳಿದಿದ್ದ. ಫೋಟೋ ತೆಗೆದೆವು, ಗ್ರೂಪಿಗೆ ಹಾಕೋಕೆ ಮನಸ್ಸಾಗಲಿಲ್ಲ.

ಮೂರು ಗಂಟೆ ಹೊತ್ತಿಗೆ ಟೌನ್ ಹಾಲ್ ಮೆಟ್ಟಿಲ ಮೇಲೆ ಅವನು ಕೂತಿದ್ದ. ನಮ್ಮನ್ನು ನೋಡಿ ಮೊದಲು ಅಂದಿದ್ದು, "ಆನೆ ಕಂಡಿರಾ?"

ಯಾವ ಆನೆ?

"ಎಲಿಫೆಂಟಾಕ್ಕೆ ಆ ಹೆಸರು ಕೊಟ್ಟ ಆನೆ. ಪೋರ್ಚುಗೀಸರು ಅಲ್ಲಿ ಕಲ್ಲಿನ ಆನೆ ನೋಡಿ ಹಾಗೆ ಕರೆದದ್ದು. ಅದನ್ನ ಇಂಗ್ಲೆಂಡಿಗೆ ಸಾಗಿಸ್ಲಿಕ್ಕೆ ಹೋಗಿ ಬ್ರಿಟಿಷರು ಒಡೆದು ಹಾಕಿದ್ರು. ಈಗ ಜೋಡಿಸಿ ನಮ್ಮ ಬೈಕುಲ್ಲಾದಲ್ಲೇ, ಭಾವು ದಾಜಿ ಲಾಡ್ ಮ್ಯೂಸಿಯಮ್ ಪಕ್ಕ ಇಟ್ಟಿದ್ದಾರೆ. ನಾನು ನೋಡಿ ಬಂದೆ. ನೀವು ಆನೆ ಇಲ್ಲದ ದ್ವೀಪಕ್ಕೆ 300 ಕೊಟ್ರಿ."

ಜೋರಾಗಿ ನಕ್ಕ. ನಮಗೆ ನಗು ಬರಲಿಲ್ಲ. ಅಷ್ಟರಲ್ಲಿ ಅವನ ಫೋನ್ ಟಣ್ ಅಂತು. ಕ್ಯಾಷಿಯರ್ ದೋಣಿ ಇಳಿದ ಮೇಲೆ ಯೋಚನೆ ಮಾಡ್ತಾ ಇದ್ದವನು ಆಗಷ್ಟೇ 370 ಕಳಿಸಿದ್ದ. ಹೇಳಿ ಕಳಿಸೋಣ ಅಂತ ನಾವು ಮಾತಾಡಿಕೊಂಡಿದ್ದೆವು, ಇವನಿಗೆ ಧೈರ್ಯ ಬರಲಿಲ್ಲ.

"ಇದೆಂಥದು?"

"ನಿನ್ನೆ ಲೆಕ್ಕ ತಪ್ಪಾಗಿತ್ತು. ನೀನು ಏನೂ ತಗೊಂಡಿರಲಿಲ್ಲ."

"ಯಾವಾಗ ಗೊತ್ತಾಯ್ತು?"

"ದೋಣಿಯಲ್ಲಿ."

ಅವನು ಫೋನ್ ಜೇಬಿಗೆ ಹಾಕಿಕೊಂಡ. ಮುಖ ಕೆಂಪಾಗಿತ್ತು. "ಅಂದ್ರೆ ಮೂರೂ ಜನ ಕೂತು ನನ್ನ ಜೇಬು ಎಣಿಸಿದ್ರಿ."

ಹೌದು, ಎಣಿಸಿದ್ದೆವು. ಹಾಗಲ್ಲ ಮಾರಾಯ ಅಂತ ಸಮಾಧಾನ ಮಾಡೋಕೆ ಹೋಗಿ ಇನ್ನೂ ಕೆಡಿಸಿದೆವು. ರಾತ್ರಿ ಮಾಟುಂಗದ ಊಟ ನಮ್ಮದು ಅಂದೆವು. "ಬೇಡ" ಅಂದ, ಕಡ್ಡಿ ಮುರಿದ ಹಾಗೆ. "370 ತಗೊಳ್ತೇನೆ, ಅದು ನಂದೇ. ಊಟ ಬೇಡ. ಊಟ ಹಾಕಿಸುದಾದ್ರೆ ಊರಿಗೆ ಬನ್ನಿ, ನಾನು ಹಾಕಿಸ್ತೇನೆ." ಆಮೇಲೆ ಸ್ವಲ್ಪ ಹೊತ್ತು ಎದುರಿನ ಪಾರ್ಕಿನ ಕಡೆ ನೋಡ್ತಾ ಕೂತು ತಾನೇ ಹೇಳಿದ. ಊರಿನ ಕಡೆ ಮದುವೆ, ಉಪನಯನಗಳಲ್ಲಿ ಬಡಿಸೋಕೆ ಕೇಟರಿಂಗಿನವರು ಕಾಲೇಜ್ ಹುಡುಗರನ್ನ ಕರೀತಾರೆ. ಒಂದು ಹೊತ್ತಿಗೆ 500. ರಜೆಯಲ್ಲಿ ಏಳು ಕಡೆ ಬಡಿಸಿದ್ದ. ಏಳು ಐದಲೆ ಮೂವತ್ತೈದು. ನಾವು 3,500 ಅಂದಾಗ ಸರಿಯಾಗಿ ಅಷ್ಟೇ ಇದೆಯಲ್ಲ ಅಂತ ಅವನಿಗೆ ಖುಷಿಯಾಗಿತ್ತಂತೆ.

"ಮೊದಲೇ ಹೇಳಬಾರದಿತ್ತೇನೋ?" ಅಂತ ಸಿವಿಲ್ ಕೇಳಿದ.

"ಎಂತ ಹೇಳುದು? ಕೆಫೆ ಬಾಗಿಲಲ್ಲಿ ನಿಂತು ನಂಗೆ ದುಡ್ಡಿಲ್ಲ ಅಂತ ಹೇಳುದಾ? ಹೊರಗೆ ಕೂತ್ಕೊಳ್ತೇನೆ ಅಂದೆ. ಅದಕ್ಕಿಂತ ಹೆಚ್ಚು ಹೇಳ್ಲಿಕ್ಕೆ ಬರುದಿಲ್ಲ."

ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಆಮೇಲೆ ಅವನೇ ಎದ್ದು, "ಬನ್ನಿ, ಹೋಟೆಲ್ ಸಿಕ್ಕಿದೆ" ಅಂತ ಫೋರ್ಟಿನ ಒಳಗಲ್ಲಿಗೆ ಕರ್ಕೊಂಡು ಹೋದ. ಹೋಟೆಲ್ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಕವರು, ಚಾರ್ಜರ್ ಮಾರುವ ಅಂಗಡಿ. ಅವನು ವೀಡಿಯೋ ಕಾಲ್ ಹಚ್ಚಿ ಅವರಪ್ಪನಿಗೆ ತೋರಿಸಿದ. ಆ ಕಡೆಯಿಂದ ಕ್ಯಾಂಟೀನಿನ ಪಾತ್ರೆಗಳ ಸದ್ದು. "ಬಾಗ್ಲಲ್ಲಿ ಮೂರ್ ಮೆಟ್ಲ್ ಇತ್ತಾ ಕಾಣ್" ಅಂದ್ರು. ಇತ್ತು, ಮೂರು ಕಲ್ಲಿನ ಮೆಟ್ಟಿಲು, ಮಧ್ಯದ್ದು ಸವೆದು ತಗ್ಗಾಗಿತ್ತು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ರಾತ್ರಿ ಶಟರ್ ಎಳೆದ ಮೇಲೆ ಟೇಬಲ್ ಜೋಡಿಸಿ ಅದರ ಮೇಲೇ ಹುಡುಗರು ಮಲಗ್ತಿದ್ರಂತೆ. ಹಗಲು ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗೋ ಹುಡುಗರೂ ಇದ್ರು. ಮುಂಬೈಯಲ್ಲಿ ಹೋಟೆಲ್ ಹುಡುಗರಿಗೆ ಅಂತಲೇ ಕನ್ನಡ ರಾತ್ರಿ ಶಾಲೆಗಳಿದ್ದವು, ಅಲ್ಲಿ ಓದಿ ಮೇಲೆ ಬಂದವರು ಬಹಳ ಜನ. ಇವರು ಎರಡು ವರ್ಷ ಹೋಗಿ, ನಿದ್ದೆ ತಡೆಯೋಕಾಗದೆ ಬಿಟ್ಟರಂತೆ. ಇದನ್ನು ನಗ್ತಾ ಹೇಳಿದ್ರು. ಎಷ್ಟು ವರ್ಷ ಇದ್ರಿ ಅಂತ ನಾವು ಕೇಳಿದ್ದಕ್ಕೆ "ಹನ್ನೊಂದು" ಅಂದ್ರು. ಎಲಿಫೆಂಟಾ ನೋಡಿದ್ರಾ ಅಂತ ಕೇಳಿದ್ವಿ. "ಇಲ್ಲಪ್ಪ, ನೀವು ಕಂಡ್ರಲ್ಲ, ಸಾಕು." ಹಿಂದೆಯೇ, "ಊಟ ಆಯ್ತಾ? ಮಾಟುಂಗಕ್ಕೆ ಹೋಯ್ನಿ ಮಕ್ಳೇ."

ಹೋದೆವು. ಸುಲಭವಾಗಿ ಅಲ್ಲ. ಸಿಎಸ್‌ಎಂಟಿಯಲ್ಲಿ ಬೋರ್ಡು ಸರಿಯಾಗಿ ನೋಡದೆ ಓಡಿ ಹತ್ತಿದ ಗಾಡಿ ಫಾಸ್ಟ್. ಬೋರ್ಡಿನಲ್ಲಿ 'ಎಸ್' ಅಂತಿದ್ದರೆ ಸ್ಲೋ, ಎಲ್ಲಾ ಕಡೆ ನಿಲ್ಲುತ್ತೆ. 'ಎಫ್' ಅಂದ್ರೆ ಫಾಸ್ಟ್. ಅದು ದಾದರ್ ಬಿಟ್ಟರೆ ನೇರ ಕುರ್ಲಾ, ಮಾಟುಂಗದಲ್ಲಿ ನಿಲ್ಲಲ್ಲ. ಬಾಗಿಲಲ್ಲಿ ನಿಂತ ನಮ್ಮ ಕಣ್ಣೆದುರೇ ಮಾಟುಂಗ ಬಂದು ಹೋಯ್ತು. "ಅಲ್ಲೇ ಊಟ, ಅಲ್ಲೇ ಊಟ" ಅಂತ ಕುಂದಾಪುರ ಕೂಗಿದ್ದಕ್ಕೆ ಇಡೀ ಬೋಗಿ ನಕ್ಕಿತು, ಮಧ್ಯಾಹ್ನದಿಂದ ಮೊದಲ ಸಲ ನಾವು ನಾಲ್ಕೂ ಜನ ಒಟ್ಟಿಗೆ ನಕ್ಕೆವು. ಕುರ್ಲಾದಲ್ಲಿ ಇಳಿದು, ಮತ್ತೆ ಟಿಕೆಟ್ ತಗೊಂಡು, ಸ್ಲೋ ಗಾಡಿ ಹಿಡಿದು ಸಯನ್ ದಾಟಿ ಮಾಟುಂಗಕ್ಕೆ ವಾಪಸ್.

ಮಾಟುಂಗದಲ್ಲಿ ಇಳಿದರೆ ಹೂವು, ಬಾಳೆ ಎಲೆ, ಫಿಲ್ಟರ್ ಕಾಫಿ ಪುಡಿ. ಮನೆ ಹತ್ತಿರದ ಮಾರ್ಕೆಟ್ಟಿಗೆ ಬಂದ ಹಾಗಿರುತ್ತೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರೋದೂ ಇಲ್ಲೇ. ಸ್ಟೇಷನ್ ಪಕ್ಕದಲ್ಲೇ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡೀತಿದೆ. ಸರದಿಯಲ್ಲಿ ಕಾದು, ನಾಲ್ಕು ಜನ ಅವರವರ ದುಡ್ಡು ಅವರವರೇ ಕೊಟ್ಟು ಕೂತೆವು. ಎಲೆ ಬಂತು. ಕುಂದಾಪುರ ಎಲೆಗೆ ನೀರು ಚಿಮುಕಿಸಿ ಒರೆಸಿ, ಬಡಿಸೋರ ಕೈಯನ್ನೇ ನೋಡ್ತಾ ಇದ್ದ. "ಸಾರಿನವನು ಚೆನ್ನಾಗಿ ಓಡ್ತಾನೆ" ಅಂದ. ಬಡಿಸಿ ಗೊತ್ತಿರೋನ ಮಾತು ಅದು. ಅನ್ನ ಮೂರು ಸಲ ಹಾಕಿಸಿಕೊಂಡ. ಇಡೀ ಟ್ರಿಪ್ಪಿನಲ್ಲಿ ಅವನು ಹೊಟ್ಟೆ ತುಂಬಾ ತಿಂದಿದ್ದು ಅವತ್ತೇ ಅಂತ ಈಗ ಅನ್ನಿಸುತ್ತೆ.

ಭಾನುವಾರ ಬೆಳಗ್ಗೆ ವಾಪಸ್ ರೈಲು ಹತ್ತಿದೆವು. ಕಥೆ ಇಲ್ಲಿಗೆ ಮುಗೀತು, ಎಲ್ಲ ಸರಿಹೋಯ್ತು ಅಂತ ಬರೆಯಬಹುದಿತ್ತು. ಆದ್ರೆ ಕಾಲೇಜಿಗೆ ಬಂದ ಮೇಲೆ ಒಂದು ವಾರ ಅವನು ನಮ್ಮ ಜೊತೆ ಸ್ವಲ್ಪ ಬಿಗಿಯಾಗೇ ಇದ್ದ. ನಾವೂ ಅವನೆದುರು ಏನಾದ್ರೂ ಕೊಂಡುಕೊಳ್ಳುವಾಗ ಕಳ್ಳರ ಥರ ಮಾಡ್ತಿದ್ದೆವು. ಒಂದು ದಿನ ಅವನೇ ಬೈದ: "ಹೀಗೆ ಮಾಡಿದ್ರೆ ಇನ್ನೂ ಕಷ್ಟ ಮಾರಾಯ, ತಿನ್ನಿ ಸುಮ್ಮನೆ."

ಕಡಿಮೆ ದುಡ್ಡಲ್ಲಿ ಊರು ಸುತ್ತೋದು ಹೇಗೆ ಅಂತ ಕೇಳಿದ್ರೆ ರೈಲು, ಬಸ್ಸು, ವಡಾಪಾವ್ ಬಗ್ಗೆ ಎಲ್ಲರೂ ಹೇಳ್ತಾರೆ, ನಾವೂ ಮೇಲೆ ಹೇಳಿದ್ದೀವಿ. ಮುಂಬೈ ನಿಜವಾಗ್ಲೂ ಕಡಿಮೆ ದುಡ್ಡಿಗೆ ಒಳ್ಳೆಯ ಊರು. ಆದ್ರೆ ಗೆಳೆಯರ ಜೊತೆ ಹೋಗೋದಾದ್ರೆ ನಾವು ಕಲಿತ ಇನ್ನೆರಡು ವಿಷಯ ಇದೆ. ಬಜೆಟ್ಟಿನ ಅಂಕಿಯನ್ನ ಗ್ರೂಪಿನಲ್ಲಿ ಕೂಗಿ ಹೇಳಬೇಡಿ. ಕಾಗದದ ಚೂರಿನಲ್ಲಿ ಪ್ರತಿಯೊಬ್ಬರೂ ತಮಗೆ ಆಗುವ ಮೊತ್ತ ಬರೆದು ಮಡಚಿ ಹಾಕಲಿ, ಹೆಸರು ಬೇಡ. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದಿದ್ದೇ ಎಲ್ಲರ ಬಜೆಟ್. ಒಮ್ಮೆ ಬಜೆಟ್ ಹಾಕಿದ ಮೇಲೆ ಅದನ್ನು ಮುರಿಯೋ ಹಕ್ಕು ದುಡ್ಡಿದ್ದವನಿಗಿಲ್ಲ. ಮತ್ತೆ ಆ್ಯಪ್‌ನ ಸಮಪಾಲನ್ನು ನಂಬಬೇಡಿ. ಯಾರು ತಿಂದ್ರು, ಯಾರು ನೀರು ಕುಡಿದ್ರು ಅಂತ ಅದಕ್ಕೆ ಕಾಣಲ್ಲ.

ಇದನ್ನು ಪತ್ರಿಕೆಗೆ ಕಳಿಸುವ ಮುಂಚೆ ಅವನಿಗೆ ಓದೋಕೆ ಕೊಟ್ಟೆವು. ನಮ್ಮ ಒತ್ತಕ್ಷರದ ತಪ್ಪುಗಳನ್ನೆಲ್ಲ ತಿದ್ದಿದ, ಇಂಗ್ಲಿಷ್ ಮೀಡಿಯಮ್ಮಿನವರು ಅಂತ ಎರಡು ಸಲ ಆಡಿಕೊಂಡ. 'ಪಾಪ' ಅನ್ನೋ ಪದ ಎರಡು ಕಡೆ ಇತ್ತು, ಎರಡನ್ನೂ ಹೊಡೆದು ಹಾಕಿದ. ಉಳಿದದ್ದು ಇರಲಿ ಅಂದ.

ಸೆಮಿಸ್ಟರ್ ರಜೆಗೆ ಗಂಗೊಳ್ಳಿಗೆ ಹೋಗ್ತಿದ್ದೀವಿ. ಮಾವನ ಬೋಟ್ ಹತ್ತಿಸ್ತೀನಿ ಅಂದಿದ್ದಾನೆ, ನಮ್ಮಲ್ಲಿ ಯಾರು ಮೊದಲು ವಾಂತಿ ಮಾಡ್ಕೊಳ್ತಾರೆ ನೋಡ್ತಾನಂತೆ. ಬಸ್ ಚಾರ್ಜ್ ಬಿಟ್ಟು ತಲೆಗೆ 600 ಅಂತ ಬಜೆಟ್ ಹಾಕಿದ್ದಾನೆ. ಈ ಸಲ ಲೆಕ್ಕ ಅವನ ಕೈಯಲ್ಲಿ.